ಚರ್ಮದ ಮಡಿಕೆಗಳಲ್ಲಿ ಏಳುವ ಉರಿಗೆಂಪು



ಜೂನ್ ತಿಂಗಳಲ್ಲಿ ಮುಂಬಯಿಯಲ್ಲಿ ಮಳೆ ಆರಂಭವಾದೊಡನೆ, ಒದ್ದೆ ಬೂಟುಗಳಲ್ಲಿಯೇ ಲೋಕಲ್ ರೈಲು ಹತ್ತಿ ದಿನವಿಡೀ ದುಡಿಯುವವರ ಕಾಲ್ಬೆರಳ ಸಂದುಗಳು ಬೆಳ್ಳಗೆ ನೆನೆದು ಬಿರಿಯುವುದುಂಟು. ಗದ್ದೆಯಲ್ಲಿ ನಾಟಿ ಮಾಡುವವರು ಇದನ್ನು ಕೆಸರುಹುಣ್ಣೆಂದು ಬಲ್ಲರು. ಕೆಸರು ತುಳಿಯದವರಿಗೂ ಇದು ಬರುವುದರಿಂದ, ಕೆಸರಿಗಿಂತ ತೇವವೇ ಮುಖ್ಯ ಕಾರಣವೆಂಬುದು ಸ್ಪಷ್ಟ.

ಚರ್ಮಕ್ಕೆ ಚರ್ಮ ತಾಗುವ ಯಾವ ಮಡಿಕೆಯಲ್ಲಾದರೂ ಇಂಥ ತೊಂದರೆ ತಲೆದೋರಬಹುದು: ಕಂಕುಳು, ತೊಡೆಸಂದು, ಸ್ತನಗಳ ಕೆಳಭಾಗ, ಬೊಜ್ಜು ಬಂದ ಹೊಟ್ಟೆಯ ಕೆಳಮಡಿಕೆ, ಹಾಲು ಜಿನುಗಿ ನಿಲ್ಲುವ ಎಳೆಗೂಸಿನ ಕತ್ತು. ಅಲ್ಲಿ ಬೆವರು ಆರುವುದಿಲ್ಲ. ನೆನೆದ ಮೇಲ್ಪದರವು ನಡೆದಾಡಿದಾಗಲೆಲ್ಲ ಉಜ್ಜಿ ಸವೆಯುತ್ತದೆ. ವೈದ್ಯಶಾಸ್ತ್ರದಲ್ಲಿ ಇದಕ್ಕೆ ಇಂಟರ್‌ಟ್ರೈಗೊ ಎಂದು ಹೆಸರು. ಇದು ಮೂಲತಃ ಸೋಂಕಲ್ಲ. ಸ್ನಾನ ಮಾಡದವರಿಗೆ ಬರುವ ರೋಗವೆಂಬ ಭಾವನೆಯೂ ಸರಿಯಲ್ಲ. ಸೋಪು ಹಚ್ಚಿ ಬಲವಾಗಿ ತಿಕ್ಕಿದರೆ ಉರಿ ಹೆಚ್ಚುತ್ತದೆ. ಕಪ್ಪು ಮೈಬಣ್ಣದವರಲ್ಲಿ ಕೆಂಪಿನ ಬದಲು ಕಂದು ಛಾಯೆ ಕಾಣಬಹುದು.

ಹೀಗೆ ಬಿರಿದ ಚರ್ಮದಲ್ಲಿ ಶಿಲೀಂಧ್ರಗಳು ನೆಲೆಯೂರುವುದು ಸುಲಭ. ಕ್ಯಾಂಡಿಡಾ ಸೇರಿದಾಗ ಮಡಿಕೆಯ ಒಳಭಾಗ ಕೆಂಪೇರಿ, ಅದರ ಸುತ್ತ ಸಣ್ಣ ಗುಳ್ಳೆಗಳು ಚದುರಿರುತ್ತವೆ. ತೊಡೆಸಂದಿನ ಗಜಕರ್ಣವಾದರೋ ಅಂಚಿನಲ್ಲಿ ಉಬ್ಬಿ ಹೊರಕ್ಕೆ ಹಬ್ಬುತ್ತದೆ; ಟವೆಲ್, ಒಳಉಡುಪುಗಳ ಮೂಲಕ ಮನೆಮಂದಿಗೂ ಹರಡುತ್ತದೆ. ಮೂರಕ್ಕೂ ಚಿಕಿತ್ಸೆ ಬೇರೆಬೇರೆ.

ಸಂಕೋಚದಿಂದ ವೈದ್ಯರಿಗೆ ತೋರಿಸದೆ, ಔಷಧದ ಅಂಗಡಿಯಲ್ಲಿ “ತುರಿಕೆಗೊಂದು ಟ್ಯೂಬ್ ಕೊಡಿ” ಎಂದು ಕೇಳುವುದೇ ಹೆಚ್ಚಿನ ಅನರ್ಥಕ್ಕೆ ಮೂಲ. ಅಂಥ ಎಷ್ಟೋ ಮುಲಾಮುಗಳಲ್ಲಿ ಬೀಟಾಮೆಥಾಸೋನ್, ಕ್ಲೊಬೆಟಾಸೋಲ್ ಮೊದಲಾದ ಸ್ಟಿರಾಯ್ಡುಗಳು ಬೆರೆತಿರುತ್ತವೆ. ಎರಡು ದಿನದಲ್ಲಿ ತುರಿಕೆ ನಿಲ್ಲುತ್ತದೆ, ನಿಜ. ಶಿಲೀಂಧ್ರ ಮಾತ್ರ ಮರೆಯಲ್ಲಿ ಹಬ್ಬುತ್ತಲೇ ಇರುತ್ತದೆ. ಗಜಕರ್ಣದ ಅಂಚು ಅಳಿಸಿಹೋಗಿ ತಜ್ಞರಿಗೂ ಗುರುತು ಹಿಡಿಯುವುದು ಕಷ್ಟವಾಗುತ್ತದೆ. ಮಡಿಕೆಯ ತೆಳುಚರ್ಮವು ಔಷಧವನ್ನು ಹೆಚ್ಚಾಗಿ ಹೀರುವುದರಿಂದ ಅಲ್ಲಿ ಶಾಶ್ವತ ಬರೆಗಳು ಉಳಿಯಬಹುದು. ಈ ಕಾರಣದಿಂದಲೇ 2018ರಲ್ಲಿ ಇಂಥ ಅನೇಕ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ ನಿಯಮವನ್ನು ಬಿಗಿಗೊಳಿಸಿತು. ಚೀಟಿ ಕೇಳದ ಅಂಗಡಿಗಳು ಇನ್ನೂ ಇವೆಯೆಂಬುದು ಬೇರೆ ಮಾತು.

ಬರಿಯ ಘರ್ಷಣೆಯ ಉರಿಗೆ ಮನೆಯ ಆರೈಕೆಯೇ ಬಹುಮಟ್ಟಿಗೆ ಸಾಕು. ತಣ್ಣೀರಿನಲ್ಲಿ ತೊಳೆದು, ಉಜ್ಜದೆ ಒತ್ತಿ ಒರೆಸಿ, ಫ್ಯಾನಿನ ಗಾಳಿಗೆ ಆರಗೊಡಬೇಕು. ಹಳೆಯ ಪಂಚೆಯ ಮೆತ್ತನೆಯ ತುಂಡನ್ನು ಮಡಿಕೆಯ ನಡುವೆ ಇಟ್ಟು, ಒದ್ದೆಯಾದಾಗ ಬದಲಿಸಬಹುದು. ಸತುವಿನ ಆಕ್ಸೈಡ್ ಮುಲಾಮು ತೆಳುವಾಗಿ ಲೇಪಿಸಿದರೆ ಘರ್ಷಣೆ ತಗ್ಗುತ್ತದೆ. ಸುಣ್ಣ, ನಿಂಬೆರಸ ಹಚ್ಚುವುದು ಸಲ್ಲದು.

ವಾರದಲ್ಲಿ ಗುಣ ಕಾಣದಿದ್ದರೆ ವೈದ್ಯರಿಗೆ ತೋರಿಸಬೇಕು. ಕೀವು, ಜ್ವರ, ಹಬ್ಬುವ ಊತ ಕಂಡರೆ ಅದೇ ದಿನವೇ ಹೋಗತಕ್ಕದ್ದು. ಪದೇ ಪದೇ ಮರುಕಳಿಸುವವರು ರಕ್ತದ ಸಕ್ಕರೆಯನ್ನೂ ಪರೀಕ್ಷಿಸಿಕೊಳ್ಳುವುದು ಅಗತ್ಯ. ಕೆಲವರಲ್ಲಿ ಮಧುಮೇಹವು ಮೊದಲು ಪತ್ತೆಯಾಗುವುದೇ ಈ ಹುಣ್ಣಿನಿಂದ.