ವಿಮಾನ ನಿಲ್ದಾಣದ ಜೂಜುಯಂತ್ರಕ್ಕೆ ಒಡೆಯ ಯಾರು?



ಜೂಜಿನ ಮಾತು ಬಂದಾಗಲೆಲ್ಲ ನಾವು ಜೂಜುಕೋರನನ್ನು ದೂಷಿಸುತ್ತೇವೆ. ಜೂಜುಕಟ್ಟೆಯ ಒಡೆಯ ಯಾರೆಂದು ವಿಚಾರಿಸುವವರು ವಿರಳ. ಈ ಪ್ರಶ್ನೆಯನ್ನು ಕೇಳಲು ಅಮೆರಿಕದ ಲಾಸ್ ವೇಗಸ್ ವಿಮಾನ ನಿಲ್ದಾಣವು ತಕ್ಕ ಸ್ಥಳ.

ನೆವಾಡ ರಾಜ್ಯವು 1931ರಲ್ಲಿ ಜೂಜನ್ನು ಕಾನೂನುಬದ್ಧಗೊಳಿಸಿತು. 1968ರಲ್ಲಿ ಈ ನಿಲ್ದಾಣದೊಳಗೂ ಸ್ಲಾಟ್ ಯಂತ್ರಗಳು ಬಂದವು. ಇಂದು ಅವುಗಳ ಸಂಖ್ಯೆ ಸಾವಿರವನ್ನು ಮೀರಿದೆ. ವಿಮಾನದಿಂದ ಇಳಿದವನನ್ನು ಎದುರುಗೊಳ್ಳುವುದೂ ಅವೇ, ಜೇಬು ಬರಿದಾಗಿ ಊರಿಗೆ ಮರಳುವವನನ್ನು ಬೀಳ್ಕೊಡುವುದೂ ಅವೇ. 2021ರಲ್ಲಿ ಈ ನಿಲ್ದಾಣಕ್ಕೆ ಸೆನೆಟರ್ ಹ್ಯಾರಿ ರೀಡ್ ಅವರ ಹೆಸರನ್ನಿಡಲಾಯಿತು. ಸೆನೆಟರ್ ಆಗುವ ಮುನ್ನ ಅವರು ಅದೇ ರಾಜ್ಯದ ಜೂಜು ಆಯೋಗದ ಅಧ್ಯಕ್ಷರಾಗಿದ್ದರು!

ಈ ಯಂತ್ರಗಳು ಯಾರವು? ನಿಲ್ದಾಣವು ಕ್ಲಾರ್ಕ್ ಕೌಂಟಿಯ ಸೊತ್ತು. ಕೌಂಟಿಯೆಂದರೆ ನಮ್ಮ ಜಿಲ್ಲೆಯನ್ನು ಹೋಲುವ ಆಡಳಿತ ಘಟಕ. ಜನರು ಚುನಾಯಿಸಿದ ಏಳು ಮಂದಿ ಕಮಿಷನರುಗಳು ಅದನ್ನು ಆಳುತ್ತಾರೆ. ಯಂತ್ರಗಳನ್ನು ನಡೆಸುವುದು ಖಾಸಗಿ ಗುತ್ತಿಗೆದಾರ. ದಶಕಗಳ ಕಾಲ ಈ ಗುತ್ತಿಗೆಯನ್ನು ಹೊಂದಿದ್ದವರು ಸೌತ್ ಪಾಯಿಂಟ್ ಕ್ಯಾಸಿನೋದ ಮಾಲಿಕ ಮೈಕೆಲ್ ಗಾಘನ್. ಇನ್ನು ಭಾರೀ ಜಾಕ್‌ಪಾಟ್‌ನ ಆಸೆ ಹುಟ್ಟಿಸುವ ಕೆಲವು ಬಗೆಯ ಯಂತ್ರಗಳನ್ನು ತಯಾರಕ ಕಂಪೆನಿಗಳು ಮಾರುವುದೇ ಇಲ್ಲ. ಒಡೆತನವನ್ನು ತಮ್ಮಲ್ಲೇ ಇರಿಸಿಕೊಂಡು ಗಳಿಕೆಯಲ್ಲಿ ಪಾಲು ಪಡೆಯುತ್ತವೆ. ಹೀಗೆ ನೆಲ ಸರಕಾರದ್ದು, ವ್ಯವಹಾರ ಗುತ್ತಿಗೆದಾರನದ್ದು, ಗಳಿಕೆ ಹಂಚಿಕೆಯದ್ದು. ನಷ್ಟಕ್ಕೆ ಮಾತ್ರ ಒಬ್ಬನೇ ವಾರಸುದಾರ.

ನಗರದ ಕ್ಯಾಸಿನೋಗಳ ನಡುವೆ ಪೈಪೋಟಿಯಿದೆ. ಒಂದು ಒಲ್ಲದಿದ್ದರೆ ಪಕ್ಕದ್ದಕ್ಕೆ ಹೋಗಬಹುದು. ಭದ್ರತಾ ತಪಾಸಣೆ ದಾಟಿ ವಿಮಾನಕ್ಕಾಗಿ ಕಾಯುತ್ತಿರುವವನಿಗೆ ಆ ಆಯ್ಕೆಯೂ ಇಲ್ಲ. ಹಾಕಿದ ಪ್ರತಿ ನೂರು ಡಾಲರಿಗೆ ದೀರ್ಘಾವಧಿಯಲ್ಲಿ ಕನಿಷ್ಠ 75 ಡಾಲರ್ ಮರಳುವಂತೆ ಯಂತ್ರವಿರಬೇಕೆಂದು ನೆವಾಡದ ನಿಯಮ ಹೇಳುತ್ತದೆ. ಅಂದರೆ 25ರ ವರೆಗೆ ಉಳಿಸಿಕೊಳ್ಳಲು ಸರಕಾರವೇ ಅನುಮತಿ ನೀಡಿದೆ. ನಿಯಮ ರೂಪಿಸುವುದು ರಾಜ್ಯ, ಪಾಲು ಪಡೆಯುವುದು ಕೌಂಟಿ. ಕಾವಲುಗಾರನ ಮನೆಯವರೇ ಪಾಲುದಾರರಾದರೆ ದೂರು ಕೊಂಡೊಯ್ಯುವುದು ಯಾರ ಬಳಿಗೆ?

ಸಮರ್ಥಕರ ಉತ್ತರ ಸಿದ್ಧವಿದೆ: ಆ ಹಣ ಪೋಲಾಗುವುದಿಲ್ಲ. ಅದು ನಿಜವೂ ಹೌದು. ವಿಮಾನ ನಿಲ್ದಾಣದ ಆದಾಯವನ್ನು ವಿಮಾನ ನಿಲ್ದಾಣಕ್ಕೇ ಖರ್ಚು ಮಾಡಬೇಕೆಂಬುದು ಅಮೆರಿಕದ ಕೇಂದ್ರ ಕಾನೂನು. ರನ್‌ವೇ ದುರಸ್ತಿಗೂ ಕಟ್ಟಡಗಳ ನಿರ್ವಹಣೆಗೂ ಅದು ಒದಗುತ್ತದೆ.

ಆದರೆ ಈ ಸಮರ್ಥನೆ ಬಹಳ ಹಳೆಯದು. ಅಜ್ಞಾನ ಕಾಲದ ಅರಬರು ಒಂಟೆಯನ್ನು ಕೊಯ್ದು, ಹತ್ತು ಬಾಣಗಳನ್ನೆತ್ತಿ ಮಾಂಸದ ಪಾಲಿಗಾಗಿ ಜೂಜಾಡುತ್ತಿದ್ದರು. ಏಳು ಬಾಣಗಳಿಗೆ ಪಾಲಿತ್ತು, ಮೂರು ಬರಿದು. ಸೋತವರು ಒಂಟೆಯ ಬೆಲೆ ತೆರಬೇಕು. ಗೆದ್ದವರು ಮಾಂಸವನ್ನು ಬಡವರಿಗೆ ಹಂಚಿ ದಾನಿಗಳೆಂಬ ಕೀರ್ತಿ ಪಡೆಯುತ್ತಿದ್ದರು. ಬರಗಾಲದಲ್ಲಿ ಅದರಿಂದ ಹಸಿದ ಹೊಟ್ಟೆಗಳು ತುಂಬಿದ್ದುಂಟು. ಪವಿತ್ರ ಕುರ್‌ಆನ್ ಆ ಪ್ರಯೋಜನವನ್ನು ನಿರಾಕರಿಸಲಿಲ್ಲ. ಪ್ರಯೋಜನವಿದೆಯೆಂದು ಒಪ್ಪಿ, ಪಾಪವು ಅದಕ್ಕಿಂತ ದೊಡ್ಡದೆಂದು ಅಲ್-ಬಕರಃ ಅಧ್ಯಾಯದಲ್ಲಿ ಸ್ಪಷ್ಟಪಡಿಸಿತು. ಅನಂತರ ಅಲ್-ಮಾಇದಃ ಅಧ್ಯಾಯದಲ್ಲಿ ಸಂಪೂರ್ಣವಾಗಿ ನಿಷೇಧಿಸಿತು.

ವೇಗಸ್ ದೂರದ ಊರು, ನಮಗೇನು ಎನ್ನಬೇಡಿ. ನಮ್ಮ ರಾಜ್ಯ ಸರಕಾರವೂ ಲಾಟರಿ ನಡೆಸುತ್ತಿತ್ತು. ಬಸ್ ನಿಲ್ದಾಣಗಳ ಬಳಿ ಅದರ ಚೀಟಿಗಳು ತೂಗಾಡುತ್ತಿದ್ದವು, ಕೂಲಿಕಾರರು ದಿನದ ದುಡಿಮೆಯನ್ನು ಅಲ್ಲಿ ಸುರಿಯುತ್ತಿದ್ದರು. ಖಜಾನೆಗೆ ಆದಾಯವೆಂಬುದೇ ಅಂದಿನ ವಾದವೂ ಆಗಿತ್ತು. 2007ರಲ್ಲಿ ಕರ್ನಾಟಕ ಲಾಟರಿಯನ್ನು ನಿಷೇಧಿಸಿತು. ಆ ಆದಾಯವಿಲ್ಲದೆಯೇ ಅಂದಿನಿಂದ ಪ್ರತಿ ವರ್ಷ ಬಜೆಟ್ ಮಂಡನೆಯಾಗುತ್ತಲೇ ಇದೆ.