ಚಿನ್ನದ ನಲ್ಲಿ ಮತ್ತು ತಾಯಿಯ ಕಿವಿ
(ಸಂಘದ ಸಾಹಿತ್ಯಗೋಷ್ಠಿಯಲ್ಲಿ ಮಾಡಿದ ಭಾಷಣ)



ಅಜ್ಜಿ ಹೇಳಿದ ಕಥೆಯನ್ನು ತಿದ್ದುವ ಅಧಿಕಾರ ಇಂದಿನ ಕಥೆಗಾರರಿಗೆ ಎಲ್ಲಿಂದ ಬಂತೆಂದು ಹಿರಿಯರೊಬ್ಬರು ಈಗಷ್ಟೇ ಆಕ್ಷೇಪಿಸಿದರು. ಅವರ ಕಳವಳ ನನಗೆ ಅರ್ಥವಾಗುತ್ತದೆ. ಪರಸ್ಥಳದಲ್ಲಿ ಮಕ್ಕಳನ್ನು ಬೆಳೆಸುವ ನಮಗೆ ಅಜ್ಜಿಯ ಕಥೆಯೆಂದರೆ ಊರಿನಿಂದ ತಂದ ಗಂಟು. ಅದನ್ನು ಬಿಚ್ಚುವವರನ್ನು ಕಂಡರೆ ಸಿಟ್ಟು ಸಹಜ. ಆದರೆ ಆ ಗಂಟು ಎಂದೂ ಕಟ್ಟಿದಂತೆಯೇ ಉಳಿದದ್ದಲ್ಲ. ಗ್ರಿಮ್ ಸೋದರರು 1812ರಲ್ಲಿ ಅಚ್ಚು ಹಾಕಿಸಿದ ಸ್ನೋವೈಟ್ ಕಥೆಯಲ್ಲಿ ಮಗಳ ರೂಪಕ್ಕೆ ಕರುಬಿದವಳು ಹೆತ್ತ ತಾಯಿಯೇ. 1819ರ ಆವೃತ್ತಿಯಲ್ಲಿ ಅವಳು ಮಲತಾಯಿಯಾದಳು. ತಿದ್ದಿದವರು ಪಂಡಿತರಾದ್ದರಿಂದ ನಮಗದು ತಿದ್ದುಪಡಿಯೆಂದು ತೋರುವುದಿಲ್ಲವೋ ಏನೋ!

ಇಂಗ್ಲೆಂಡಿನ ಏಂಜೆಲಾ ಕಾರ್ಟರ್ 1977ರಲ್ಲಿ ಫ್ರಾನ್ಸಿನ ಶಾರ್ಲ್ ಪೆರೊನ ಕಥೆಗಳನ್ನು ಅನುವಾದಿಸಿದರು. 1979ರಲ್ಲಿ ಹಳೆಯ ಕಥೆಗಳ ಬೀಜದಿಂದಲೇ ಬೆಳೆದ ಹತ್ತು ಹೊಸ ಕಥೆಗಳ ಸಂಕಲನ 'ದ ಬ್ಲಡಿ ಚೇಂಬರ್' ಪ್ರಕಟವಾಯಿತು. ಶೀರ್ಷಿಕೆಯ ಕಥೆಗೆ ಮೂಲ, ಪೆರೊನ ನೀಲಿಗಡ್ಡದವನ ಕಥೆ. ಸಿರಿವಂತ ಗಂಡ ಹೊಸ ಹೆಂಡತಿಗೆ ಬೀಗದ ಕೈಗಳನ್ನೆಲ್ಲ ಒಪ್ಪಿಸಿ, ಒಂದು ಕೋಣೆಯನ್ನು ಮಾತ್ರ ತೆರೆಯಬೇಡವೆನ್ನುತ್ತಾನೆ. ಅವಳು ತೆರೆಯುತ್ತಾಳೆ, ಒಳಗೆ ಹಿಂದಿನ ಹೆಂಡಿರ ಹೆಣಗಳು. 1697ರ ಪೆರೊನ ಕಥೆಯಲ್ಲಿ ಅವಳನ್ನು ಉಳಿಸುವವರು ಕತ್ತಿ ಹಿರಿದು ಬರುವ ಸೋದರರು. ನಮ್ಮ ಗರತಿಯರೂ ಹಾಡುಗಳಲ್ಲಿ ತವರಿನ ದಾರಿ ನೋಡುವುದು ಅಣ್ಣನ ಬರವಿಗಾಗಿಯೇ ಅಲ್ಲವೇ?

ಕಾರ್ಟರ್ ಕಥೆಯಲ್ಲಿ ಬರುವವಳು ತಾಯಿ. ವಿಧವೆ. ಕುದುರೆಯೇರಿ, ಸತ್ತ ಗಂಡನ ಪಿಸ್ತೂಲು ಹಿಡಿದು ಬರುತ್ತಾಳೆ; ಒಂದೇ ಗುಂಡಿಗೆ ಅಳಿಯ ಉರುಳುತ್ತಾನೆ. ಇದನ್ನು ಸ್ತ್ರೀವಾದದ ಚಮತ್ಕಾರವೆಂದು ತಳ್ಳಿಹಾಕುವವರಿದ್ದಾರೆ. ನನಗಂತೂ ಮುಖ್ಯವೆನಿಸುವುದು ಆಕೆಗೆ ಸುಳಿವು ಸಿಕ್ಕ ಬಗೆ. ಕಡಲತೀರದ ಕೋಟೆಯಿಂದ ಮಗಳು ತಾಯಿಗೆ ಟೆಲಿಫೋನ್ ಮಾಡಿದ್ದಳು. ಸ್ನಾನದ ಮನೆಯಲ್ಲಿ ಚಿನ್ನದ ನಲ್ಲಿಗಳಿವೆಯೆಂದು ಹೇಳುತ್ತ ಅತ್ತುಬಿಟ್ಟಿದ್ದಳು. ಕಷ್ಟವೆಂಬ ಮಾತನ್ನೇ ಆಡಿರಲಿಲ್ಲ. ಚಿನ್ನದ ನಲ್ಲಿಗಾಗಿ ಯಾರೂ ಅಳುವುದಿಲ್ಲವೆಂದು ತಿಳಿದ ತಾಯಿ ಅಂದೇ ರಾತ್ರಿಯ ರೈಲು ಹತ್ತಿದಳು.

ಈ ಸಭೆಯಲ್ಲಿರುವ ಸೋದರಿಯರು ಕೆಲವರಾದರೂ ಒಂದು ಕಾಲದಲ್ಲಿ ಎಸ್‌ಟಿಡಿ ಬೂತಿನಲ್ಲಿ ಮೀಟರು ನೋಡುತ್ತ, "ಎಲ್ಲಾ ಚೆನ್ನಾಗಿದೆ ಅಮ್ಮಾ, ಇಲ್ಲಿ ನಲ್ಲೀಲಿ ದಿನವಿಡೀ ನೀರು ಬರುತ್ತೆ" ಎಂದವರೇ. ಆಗ ಆ ಕಡೆ ಅಮ್ಮ ಎಷ್ಟು ಹೊತ್ತು ಸುಮ್ಮನಿದ್ದರೆಂಬುದೂ ಅವರಿಗೆ ನೆನಪಿದ್ದೀತು. ಹಿರಿಯರು ಮನ್ನಿಸಬೇಕು: ಕಾರ್ಟರ್ ಕಥೆಯನ್ನು ನಿಜವಾಗಿ ತಿದ್ದಿದ್ದು ಆ ಟೆಲಿಫೋನಿನಲ್ಲಿ. ಕುದುರೆ, ಪಿಸ್ತೂಲುಗಳೆಲ್ಲ ಆಮೇಲಿನ ಮಾತು.