ಪ್ರಯಾಣಿಕರೂ ಡ್ರೈವರೂ ಜಗಳಾಡುವುದು ಯಾಕೆ?

(ಕಮಲಾಪುರದಲ್ಲಿ ಗಿರಣಿ ಕಾರ್ಮಿಕರು, ಹಮಾಲರು ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಈ ಸಭೆಗೆ ನಾನು ಕಲಬುರಗಿಯಿಂದ ಬಸ್ಸಿನಲ್ಲಿಯೇ ಬಂದೆ. ಸುಮಾರು ೩೫ ಕಿಲೋಮೀಟರ್ ಹಾದಿ. ಅರ್ಧ ಹಾದಿ ನಿಂತೇ ಬಂದೆ. ದೊಡ್ಡಸ್ತಿಕೆಗೆ ಈ ಮಾತು ಹೇಳುತ್ತಿಲ್ಲ. ಇಲ್ಲಿ ಕೂತವರಲ್ಲಿ ಬಹಳ ಮಂದಿ ದಿನಾಲು ಹೀಗೆಯೇ ಹೋಗಿ ಬರುವವರು. ಇವತ್ತು ನಾನು ದಿಲ್ಲಿಯ ಮಾತು, ಬೆಂಗಳೂರಿನ ಮಾತು ಎತ್ತುವುದಿಲ್ಲ. ನಮ್ಮ ಬಸ್ಸಿನ ಬಾಗಿಲ ಹತ್ತಿರ ನಡೆಯುವ ಜಗಳದ ಮಾತು ಎತ್ತುತ್ತೇನೆ.

ಕೆಲವು ದಿನಗಳ ಹಿಂದೆ ಬೆಳಗ್ಗೆ ಮಹಾಗಾಂವ ಕ್ರಾಸಿನಲ್ಲಿ ನಿಂತಿದ್ದೆ. ಕಪನೂರಿನ ಕೈಗಾರಿಕಾ ಪ್ರದೇಶದ ಒಂದು ದಾಲ್ ಮಿಲ್ಲಿಗೆ ಹೋಗುವ ಒಬ್ಬ ತಾಯಿಯೂ ಬುತ್ತಿ ಗಂಟು ಹಿಡಿದು ನಿಂತಿದ್ದರು. ಒಂದು ಬಸ್ಸು ಬಂತು. ತುಂಬಿತ್ತು, ನಿಲ್ಲದೆ ಹೋಯಿತು. ಬಹಳ ಹೊತ್ತಿನ ಮೇಲೆ ಇನ್ನೊಂದು ಬಂದು ನಿಂತಿತು. ಮೊದಲನೆಯ ಬಸ್ಸಿನ ಸಿಟ್ಟನ್ನೆಲ್ಲ ಆ ತಾಯಿ ಎರಡನೆಯ ಡ್ರೈವರನ ಮೇಲೆ ತೀರಿಸಿದರು.

"ಏ ತಮ್ಮಾ, ಇಷ್ಟು ತಡ ಮಾಡಿ ಬಂದ್ರ ನಮ್ಮ ಹಾಜರಿ ಯಾರು ಕೊಡ್ತಾರೋ? ನೀ ಕೊಡ್ತಿ ಏನು?"

ಆತನೂ ಬಿಡಲಿಲ್ಲ. "ಯಕ್ಕಾ, ನಾ ಏನು ಮಾಡ್ಲಿ? ಬಾಗಿಲಾಗ ಮಂದಿ ಜೋತಾಡ್ಲಕತ್ತಾರ. ಒಬ್ರು ಬಿದ್ರ ನನ್ನ ನೌಕರಿ ಹೋಗ್ತದ. ಅದು ಯಾರು ಕೊಡ್ತಾರ?"

ಬಸ್ಸಿನಲ್ಲಿದ್ದವರು ನಕ್ಕರು. ನನಗೆ ನಗು ಬರಲಿಲ್ಲ. ಆ ತಾಯಿ ಮಿಲ್ಲಿನ ಬಾಗಿಲು ಮುಟ್ಟುವ ಹೊತ್ತಿಗೆ ಹಾಜರಿ ಮುಗಿದಿತ್ತು; ಅರ್ಧ ದಿನದ ಕೂಲಿ ಹೋಯಿತು. ಆಮೇಲೆ ಚಹದ ಹೋಟೆಲಿನಲ್ಲಿ ಆ ಡ್ರೈವರ್ ಸಿಕ್ಕರು. ಅವರು ಹಿಂದಿನ ದಿನ ಮನೆ ಬಿಟ್ಟವರು. ವಸ್ತಿ ಬಸ್ಸಿನ ಡ್ಯೂಟಿ. ರಾತ್ರಿ ಒಂದು ಹಳ್ಳಿಯಲ್ಲಿ ಬಸ್ಸಿನ ಸೀಟಿನ ಮೇಲೆಯೇ ಮಲಗಿ, ಸೊಳ್ಳೆ ಕಡಿಸಿಕೊಂಡು, ನಸುಕಿನಲ್ಲಿ ಎದ್ದು ಗಾಡಿ ತೆಗೆದಿದ್ದರು. ಬೈದ ತಾಯಿಯೂ ಬೈಸಿಕೊಂಡ ತಮ್ಮನೂ ಇಬ್ಬರೂ ದುಡಿದು ತಿನ್ನುವವರು. ಇಬ್ಬರ ಮಾತೂ ನಿಜ. ಹಾಗಾದರೆ ತಪ್ಪು ಎಲ್ಲಿದೆ?

ಬಂಧುಗಳೆ, ಸ್ವಲ್ಪ ಹಿಂದಕ್ಕೆ ಹೋಗೋಣ. ಕಲಬುರಗಿಯಲ್ಲಿ ಮಹಬೂಬ್ ಶಾಹಿ ಮಿಲ್ಲು, ನಾವು ಎಂ.ಎಸ್.ಕೆ. ಮಿಲ್ಲು ಎನ್ನುವುದು, ನಡೆಯುತ್ತಿದ್ದ ಕಾಲದಲ್ಲಿ ಭೋಂಗಾ ಕೂಗಿದರೆ ಸುತ್ತಲಿನ ಓಣಿಗಳ ಕಾರ್ಮಿಕರು ನಡೆದೇ ಪಾಳಿಗೆ ಹೋಗಬಹುದಿತ್ತು. ಆ ಮಿಲ್ಲು ಮುಚ್ಚಿತು. ಇವತ್ತು ಅದರ ಹೆಸರು ಬಡಾವಣೆಗೆ ಉಳಿದಿದೆ. ಈಗ ಕೆಲಸ ಇರುವುದು ಊರ ಹೊರಗಿನ ದಾಲ್ ಮಿಲ್ಲುಗಳಲ್ಲಿ, ಗಂಜಿನಲ್ಲಿ, ರಿಂಗ್ ರಸ್ತೆಯ ಆಚೆ. ಕೆಲಸಗಾರರು ಇರುವುದು ಹಳ್ಳಿಗಳಲ್ಲಿ, ಊರಿನ ಇನ್ನೊಂದು ತುದಿಯಲ್ಲಿ. ಅಂದಮೇಲೆ ಬಸ್ಸಿನಲ್ಲಿ ಕಳೆಯುವ ಹೊತ್ತೂ ನಮ್ಮ ದುಡಿಮೆಯ ಹೊತ್ತೇ ಆಯಿತು. ಅದಕ್ಕೆ ಕೂಲಿ ಕೊಡುವವರು ಮಾತ್ರ ಯಾರೂ ಇಲ್ಲ.

ಸಣ್ಣ ವ್ಯಾಪಾರಿಯ ಕಷ್ಟವೂ ಇದೇ. ಕಮಲಾಪುರದ ಕೆಂಪು ಬಾಳೆಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಆದರೆ ಎರಡು ಬುಟ್ಟಿ ಹಣ್ಣು ಕಲಬುರಗಿಗೆ ಒಯ್ಯುವ ಮುದುಕನಿಗೆ ಬಸ್ಸಿನಲ್ಲಿ ಜಾಗವಿಲ್ಲ. ನೂಕುನುಗ್ಗಲಿನಲ್ಲಿ ಹಣ್ಣು ನಜ್ಜಾದರೆ ಅರ್ಧ ಬೆಲೆ. ಟಂಟಂ ಹಿಡಿದರೆ ಲಾಭವೆಲ್ಲ ಬಾಡಿಗೆಗೆ ಹೋಯಿತು.

ಈಗ ಊರೊಳಗಿನ ಸಿಟಿ ಬಸ್ಸಿನ ಮಾತು. ಸೂಪರ್ ಮಾರ್ಕೆಟಿನಲ್ಲಿ ನಿಂತವರೆಲ್ಲ ಒಂದು ಸಂಗತಿ ನೋಡಿದ್ದೀರಿ. ಮುಕ್ಕಾಲು ಗಂಟೆ ಒಂದು ಬಸ್ಸೂ ಇಲ್ಲ. ಆಮೇಲೆ ಎರಡು ಬಸ್ಸು ಒಂದರ ಹಿಂದೊಂದು ಬರುತ್ತವೆ. ಮುಂದಿನದು ಕಿಕ್ಕಿರಿದಿದೆ, ಹಿಂದಿನದು ಖಾಲಿ. "ಇವರು ಹೋಟೆಲಿನಲ್ಲಿ ಚಹ ಕುಡಿಯುತ್ತ ಕೂತಿದ್ದರು" ಎಂದು ನಾವು ಬೈಯುತ್ತೇವೆ. ನಿಜವಾದ ಕಾರಣ ಬೇರೆ ಇದೆ. ಜಗತ್ ವೃತ್ತದಲ್ಲಿಯೋ ಪಟೇಲ್ ವೃತ್ತದಲ್ಲಿಯೋ ಒಂದು ಬಸ್ಸು ಐದು ನಿಮಿಷ ಸಿಕ್ಕಿಬಿತ್ತೆನ್ನಿ. ಮುಂದಿನ ನಿಲ್ದಾಣದಲ್ಲಿ ಅಷ್ಟರೊಳಗೆ ಜನ ಹೆಚ್ಚಾಗಿರುತ್ತಾರೆ. ಅವರು ಹತ್ತುವುದಕ್ಕೆ ಹೆಚ್ಚು ಹೊತ್ತು ಬೇಕು. ಅದರ ಮುಂದಿನ ನಿಲ್ದಾಣಕ್ಕೆ ಇನ್ನೂ ತಡ, ಇನ್ನೂ ಜನ. ಹಿಂದಿನ ಬಸ್ಸಿಗೆ ಜನರೇ ಇಲ್ಲ. ಅದು ಬೇಗ ಬೇಗ ಬಂದು ಮುಂದಿನದನ್ನು ಮುಟ್ಟುತ್ತದೆ. ಇದರಲ್ಲಿ ಡ್ರೈವರನ ಸೋಮಾರಿತನ ಎಲ್ಲಿದೆ?

ಇನ್ನೊಂದು ಸುಲಭ ಲೆಕ್ಕ ಹಾಕಿ. ಒಂದು ದಾರಿಯಲ್ಲಿ ಹೋಗಿ ಬರಲು ೯೦ ನಿಮಿಷ ಬೇಕು, ಮೂರು ಬಸ್ಸು ಇವೆ ಎನ್ನಿ. ಅರ್ಧ ಗಂಟೆಗೊಂದು ಬಸ್ಸು ಸಿಗುತ್ತದೆ. ಅದರಲ್ಲೊಂದು ಕೆಟ್ಟು ಡಿಪೋದಲ್ಲಿ ನಿಂತರೆ ಮುಕ್ಕಾಲು ಗಂಟೆಗೊಂದು. ಕಾಗದದ ಮೇಲೆ ೯೦ ನಿಮಿಷ ಎಂದು ಬರೆದು, ರಸ್ತೆಯಲ್ಲಿ ೧೨೦ ನಿಮಿಷ ಹಿಡಿದರೆ ಆ ಅರ್ಧ ಗಂಟೆ ಎಲ್ಲಿಂದ ಬರಬೇಕು? ಡ್ರೈವರನ ಊಟದಿಂದ ಬರುತ್ತದೆ, ಅವನ ವಿಶ್ರಾಂತಿಯಿಂದ ಬರುತ್ತದೆ, ನಿಲ್ಲಿಸದೆ ಬಿಟ್ಟ ನಿಮ್ಮ ನಿಲ್ದಾಣದಿಂದ ಬರುತ್ತದೆ. ಬೇಸಿಗೆಯಲ್ಲಿ ಇಂಜಿನ್ನಿನ ಬಿಸಿಯ ಪಕ್ಕದಲ್ಲಿ ಕೂತವನ ತಾಳ್ಮೆಯೂ ಒಂದು ದಿನ ಮುಗಿಯುತ್ತದೆ.

೧೯೬೧ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯಲ್ಲಿ ದಿನಕ್ಕೆ ಎಂಟು ಗಂಟೆ, ವಾರಕ್ಕೆ ೪೮ ಗಂಟೆ ಕೆಲಸ ಎಂಬ ಮಿತಿ ಇತ್ತು. ದೂರದ ದಾರಿಗೆ ಮಾತ್ರ ಸ್ವಲ್ಪ ಹೆಚ್ಚಿಗೆ ಅವಕಾಶ. ಐದು ಗಂಟೆಯ ಕೆಲಸದ ಮೇಲೆ ಕನಿಷ್ಠ ಅರ್ಧ ಗಂಟೆ ವಿಶ್ರಾಂತಿ ಕೊಡಬೇಕೆಂದಿತ್ತು. ೨೦೨೫ರ ನವೆಂಬರ್ ೨೧ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಆ ಹಳೆಯ ಕಾಯಿದೆಯ ಜಾಗ ಹಿಡಿದವು. ಎಂಟು ಗಂಟೆಯ ಮಾತು ಅವುಗಳಲ್ಲಿಯೂ ಇದೆ. ಕಾಯಿದೆಯ ಪುಸ್ತಕದಲ್ಲಿ ಇದ್ದದ್ದು ಸ್ಟೇರಿಂಗಿನ ಹಿಂದೆ ಕೂತವನಿಗೆ ಮುಟ್ಟಿದೆಯೇ ಎಂದು ಕೇಳುವವರು ಬೇಕು. ನಿದ್ದೆಗೆಟ್ಟ ಡ್ರೈವರನ ಬೆನ್ನ ಹಿಂದೆ ಕೂತವರು ನಾವು. ಆತನ ವಿಶ್ರಾಂತಿ ನಮ್ಮ ಜೀವದ ಪ್ರಶ್ನೆ.

ಕೆಲವರು ಹೇಳುತ್ತಾರೆ: "ಎಲ್ಲ ಕೆಟ್ಟದ್ದು ಶಕ್ತಿ ಯೋಜನೆಯಿಂದ. ಹೆಂಗಸರು ಪುಕ್ಕಟೆ ತಿರುಗುತ್ತಾರೆ." ಈ ಮಾತು ತಪ್ಪು. ೨೦೨೩ರ ಜೂನ್ ೧೧ರಿಂದ ನಮ್ಮ ಅಕ್ಕತಂಗಿಯರು ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ಟಿನ ಹಣವಿಲ್ಲದೆ ಹೋಗುತ್ತಿದ್ದಾರೆ. ಅವರಲ್ಲಿ ಮಿಲ್ಲಿಗೆ ಹೋಗುವವರಿದ್ದಾರೆ, ಆಸ್ಪತ್ರೆಗೆ ಹೋಗುವವರಿದ್ದಾರೆ, ಕಾಲೇಜಿಗೆ ಹೋಗುವ ಹುಡುಗಿಯರಿದ್ದಾರೆ. ಶರಣಬಸವೇಶ್ವರ ಗುಡಿಗೋ ಬಂದೇನವಾಜರ ದರ್ಗಾಕ್ಕೋ ಹೋದರೂ ಅದೇನು ಅಪರಾಧವಲ್ಲ. ಜನ ಹೆಚ್ಚಾದಾಗ ಬಸ್ಸು ಹೆಚ್ಚಿಸಬೇಕು, ಜನರನ್ನು ಬೈಯುವುದಲ್ಲ. ಅವರ ಟಿಕೆಟ್ಟಿನ ಹಣವನ್ನು ಸರ್ಕಾರ ನಿಗಮಕ್ಕೆ ತುಂಬಿಕೊಡಬೇಕು. ಆದಕಾರಣ ತಾಯಂದಿರೆ, ಶೂನ್ಯ ಟಿಕೆಟ್ಟನ್ನು ತಪ್ಪದೆ ಕೇಳಿ ಪಡೆಯಿರಿ. ಆ ಚೀಟಿಯೇ ಲೆಕ್ಕ. ಅದು ಇಲ್ಲದಿದ್ದರೆ ತಪಾಸಣೆಯವರ ಮುಂದೆ ಕಂಡಕ್ಟರ್ ಉತ್ತರ ಹೇಳಬೇಕಾಗುತ್ತದೆ.

ಗಂಡಸರು ದುಡ್ಡು ಕೊಟ್ಟೇ ಹೋಗುತ್ತಿದ್ದಾರೆ. ೨೦೨೫ರ ಜನವರಿ ೫ರಿಂದ ದರ ನೂರಕ್ಕೆ ೧೫ರಷ್ಟು ಏರಿತು. ಹೆಚ್ಚು ಕೊಟ್ಟವನು ಹೆಚ್ಚು ಬಸ್ಸು ಕೇಳುವುದು ನ್ಯಾಯ.

ಇನ್ನು ನೌಕರರ ಕಡೆ ನೋಡಿ. ೨೦೨೦ರ ಡಿಸೆಂಬರಿನಲ್ಲಿ ಮುಷ್ಕರ, ೨೦೨೧ರ ಏಪ್ರಿಲ್ ೭ರಿಂದ ಎರಡು ವಾರ ಮುಷ್ಕರ, ೨೦೨೫ರ ಆಗಸ್ಟ್ ೫ರಂದು ಮತ್ತೆ ಮುಷ್ಕರ. ಕೇಳಿದ್ದು ಸಂಬಳ ಮತ್ತು ಬಾಕಿ. ಆಗ ಬಸ್ ನಿಲ್ದಾಣದಲ್ಲಿ ನಿಂತು ಬೈದವರಲ್ಲಿ ನಾವೂ ಇದ್ದೆವು. ಅವರ ಬೇಡಿಕೆ ಏನೆಂದು ನಾವು ಕೇಳಲಿಲ್ಲ. ನಮ್ಮ ಹಾಜರಿ ಹೋಗುವುದನ್ನು ಅವರ ಬೇಡಿಕೆಯ ಪಟ್ಟಿಯೂ ಹೇಳಲಿಲ್ಲ. ಎರಡೂ ಕಡೆ ಒಂಟಿಯಾಗಿ ನಿಂತೆವು.

ಸರ್ಕಾರಿ ಬಸ್ಸು ನಮಗೆ ಹೊಸದಲ್ಲ. ಹೈದರಾಬಾದ್ ಸಂಸ್ಥಾನದಲ್ಲಿ ೧೯೩೨ರ ಜೂನ್ ತಿಂಗಳಲ್ಲಿ ರೈಲ್ವೆಯ ಅಂಗವಾಗಿ ೨೭ ಬಸ್ಸು, ೧೬೬ ನೌಕರರೊಂದಿಗೆ ಅದು ಶುರುವಾಯಿತು. ೧೯೫೬ರಲ್ಲಿ ನಾವು ಕನ್ನಡ ನಾಡನ್ನು ಸೇರಿದೆವು. ೨೦೦೦ದಲ್ಲಿ ಕಲಬುರಗಿಯೇ ಕೇಂದ್ರವಾಗಿ ಈಶಾನ್ಯ ಸಾರಿಗೆ ಸಂಸ್ಥೆ ಬಂತು. ೨೦೨೧ರಲ್ಲಿ ಅದಕ್ಕೆ ಕಲ್ಯಾಣ ಕರ್ನಾಟಕದ ಹೆಸರು ಬಂತು. ಅದು ನಮ್ಮ ಸ್ವತ್ತು. ಕೆಟ್ಟು ನಿಂತರೆ ಅದರ ಜಾಗಕ್ಕೆ ಬರುವುದು ಹದಿನೈದು ಮಂದಿಯನ್ನು ತುರುಕುವ ಖಾಸಗಿ ಜೀಪು. ಅದಕ್ಕೆ ವೇಳೆ ಇಲ್ಲ, ರಾತ್ರಿಯ ಪಾಳಿ ಇಲ್ಲ, ವಿದ್ಯಾರ್ಥಿ ಪಾಸೂ ಇಲ್ಲ.

೧೯೫೩ರ ಜುಲೈ ತಿಂಗಳಲ್ಲಿ ಕಲ್ಕತ್ತೆಯ ವಿದೇಶಿ ಟ್ರಾಮ್ ಕಂಪನಿ ಎರಡನೆಯ ದರ್ಜೆಯ ದರವನ್ನು ಒಂದು ಪೈಸೆ ಏರಿಸಿತು. ಒಂದೇ ಪೈಸೆ! ಕಾರ್ಮಿಕರು, ಗುಮಾಸ್ತರು, ವಿದ್ಯಾರ್ಥಿಗಳು ಒಂದಾಗಿ ಎದ್ದರು. ಆ ಏರಿಕೆಯನ್ನು ಹಿಂತೆಗೆದುಕೊಳ್ಳಬೇಕಾಯಿತು. ಅವರ ಹೋರಾಟ ಪೈಸೆ ಏರಿಸಿದವರ ಮೇಲೆ ಇತ್ತು. ನಾವು ಮಾಡುವ ಜಗಳ ಬಾಗಿಲಲ್ಲಿ ಸಿಕ್ಕವನ ಮೇಲೆ.

ಆದುದರಿಂದ ನನ್ನ ಸೂಚನೆ ಇಷ್ಟು. ಒಂದು: ಮಿಲ್ಲಿನ ಪಾಳಿ ಶುರುವಾಗುವ ಮತ್ತು ಬಿಡುವ ಹೊತ್ತಿಗೆ ಕಮಲಾಪುರ, ಮಹಾಗಾಂವ, ಕಪನೂರು ದಾರಿಯಲ್ಲಿ ಹೆಚ್ಚಿನ ಬಸ್ಸು ಬೇಕು. ಎರಡು: ಪ್ರತಿ ನಿಲ್ದಾಣದಲ್ಲಿ ಕನ್ನಡದಲ್ಲಿ ವೇಳಾಪಟ್ಟಿಯೂ ತಲೆಯ ಮೇಲೆ ನೆರಳೂ ಬೇಕು. ಮೂರು: ಸಿಟಿ ಬಸ್ಸಿನ ಓಡುವ ವೇಳೆಯನ್ನು ಈಗಿನ ರಸ್ತೆ, ಈಗಿನ ದಟ್ಟಣೆ ನೋಡಿ ಹೊಸದಾಗಿ ಗೊತ್ತುಮಾಡಬೇಕು. ನಾಲ್ಕು: ಬಸ್ಸು ತಿರುಗುವ ಜಾಗದಲ್ಲಿ ಡ್ರೈವರ್, ಕಂಡಕ್ಟರರಿಗೆ ನೀರು ಮತ್ತು ಶೌಚಾಲಯ, ವಸ್ತಿಯ ಹಳ್ಳಿಯಲ್ಲಿ ಮಲಗಲು ಒಂದು ಕೋಣೆ ಬೇಕು. ಐದು: ಬೆಳಗಿನ ಒಂದೆರಡು ಬಸ್ಸಿನಲ್ಲಿ ಸಣ್ಣ ವ್ಯಾಪಾರಿಗಳ ಬುಟ್ಟಿಗೆ ಜಾಗ ಬಿಡಬೇಕು.

ಈ ಅರ್ಜಿಗೆ ಪ್ರಯಾಣಿಕರ ಸಹಿಯ ಪಕ್ಕದಲ್ಲಿ ಬಸ್ಸಿನ ನೌಕರರ ಸಹಿಯೂ ಇರಬೇಕು. ಅದಕ್ಕೆ ಮೊದಲು ನಾಳೆಯಿಂದ ಒಂದು ತಿಂಗಳು ಪ್ರತಿ ನಿಲ್ದಾಣದಲ್ಲಿ ಒಬ್ಬರು ವಹಿ ಇಟ್ಟು, ಬಸ್ಸು ಬಂದ ವೇಳೆ, ನಿಲ್ಲದೆ ಹೋದ ಬಸ್ಸು, ಬಿಟ್ಟು ಉಳಿದ ಜನ, ಇಷ್ಟನ್ನು ಬರೆದಿಡಿ. ಬಾಯಿಮಾತನ್ನು ಅಧಿಕಾರಿ ತಳ್ಳಿಹಾಕಬಹುದು. ತಿಂಗಳ ಲೆಕ್ಕವನ್ನು ತಳ್ಳಿಹಾಕುವುದು ಕಷ್ಟ.

ಮಹಾಗಾಂವ ಕ್ರಾಸಿನ ಆ ತಾಯಿಗೆ ನಾನು ಈ ಮಾತು ಹೇಳಿದಾಗ ಅವರು ಕೇಳಿದರು: "ಯಣ್ಣಾ, ನನಗ ಬರೀಲಿಕ್ಕ ಬರಂಗಿಲ್ಲ. ನಾ ಏನು ಮಾಡ್ಲಿ?" ನಾನು ಅಂದೆ: "ವೇಳೆ ನೋಡಿ ಹೇಳ್ರಿ ಯವ್ವಾ, ಬರೆಯುವ ಹುಡುಗರು ಸಿಕ್ತಾರ." ಆ ಹುಡುಗರು ಈ ಸಭೆಯಲ್ಲಿ ಇದ್ದಾರೆಂದು ನಂಬಿದ್ದೇನೆ. ಸಭೆ ಮುಗಿದ ಮೇಲೆ ಹೆಸರು ಬರೆಸಿ ಹೋಗಿರಿ. ಕಲಬುರಗಿಗೆ ಹೋಗುವ ಬಸ್ಸು ಬರುವುದಕ್ಕೆ ಇನ್ನೂ ಹೊತ್ತಿದೆ.